ಒಂದು ನೋಟ್‌ಬುಕ್, ನಾಲ್ಕು ಪ್ರಶ್ನೆ: ಹವಾಮಾನ ವಿಜ್ಞಾನಿಗಳ ಕೆಲಸವನ್ನು ಓದುವುದು ಹೇಗೆ

ಆರು ವರ್ಷ ನಾನು ಮರದ ಉಂಗುರ ಎಣಿಸುವ ಕೆಲಸ ಮಾಡಿದೆ. ಪೆನ್ಸಿಲ್‌ಗಿಂತ ತೆಳ್ಳಗಿನ ಮರದ ಕಡ್ಡಿ, ಅದರ ಮೇಲೆ ಮೈಕ್ರೋಸ್ಕೋಪ್, ಪಕ್ಕದಲ್ಲಿ ಅಂಕಿ ಬರೆಯುವ ಹಾಳೆ. ಹವಾಮಾನ ಬದಲಾವಣೆಯ ಬಗ್ಗೆ ನನಗೆ ಗೊತ್ತಿದ್ದದ್ದು ಆ ಕಡ್ಡಿಯಷ್ಟೇ. ಪಕ್ಕದ ಕೋಣೆಯಲ್ಲಿ ಕೆರೆಯ ಕೆಸರಿನಿಂದ ಪರಾಗ ಬಿಡಿಸುವವರು ಕೂತಿರುತ್ತಿದ್ದರು. ಅವರ ಕೆಲಸಕ್ಕೂ ನನ್ನ ಕೆಲಸಕ್ಕೂ ಏನು ಸಂಬಂಧ ಅಂತ ಬಹಳ ದಿನ ನಾನು ಕೇಳಲೇ ಇಲ್ಲ.

ಒಮ್ಮೆ ಲ್ಯಾಬ್ ನೋಡಲು ಬಂದ ಹುಡುಗಿಯೊಬ್ಬಳು ಕೇಳಿದಳು: 'ಈ ಮರ ಹೇಳಿದ್ದು ನಿಜ ಅಂತ ನಿಮಗೆ ಹೇಗೆ ಗೊತ್ತು?' ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವಾರವೇ ಒಂದು ನೋಟ್‌ಬುಕ್ ಶುರು ಮಾಡಿದೆ. ಒಂದೊಂದು ಕ್ಷೇತ್ರಕ್ಕೆ ಒಂದೊಂದು ಪುಟ, ಪ್ರತಿ ಪುಟಕ್ಕೂ ಅದೇ ನಾಲ್ಕು ಪ್ರಶ್ನೆ. ಇವರು ಕೈಯಾರೆ ಅಳೆದದ್ದು ಏನನ್ನು? ಅಲ್ಲಿಂದ ಹವಾಮಾನದ ಮಾತಿಗೆ ಹೇಗೆ ದಾಟಿದರು? ತಪ್ಪು ಎಲ್ಲಿಂದ ನುಸುಳಬಹುದು? ಬೇರೆ ಕ್ಷೇತ್ರದ ಯಾರು ಇದನ್ನು ಒರೆಗೆ ಹಚ್ಚಿ ನೋಡಿದ್ದಾರೆ?

ಹವಾಮಾನ ಬದಲಾವಣೆಯನ್ನು ವಿಜ್ಞಾನಿಗಳು ಹೇಗೆ ಅಧ್ಯಯನ ಮಾಡುತ್ತಾರೆ ಅಂತ ತಿಳಿಯಬೇಕಾದರೆ ನೀವೂ ಇದೇ ದಾರಿ ಹಿಡಿಯಿರಿ ಅಂತ ನಾನು ಹೇಳುತ್ತೇನೆ. ದಪ್ಪ ವರದಿಗಳಿಂದ ಶುರು ಮಾಡಬೇಡಿ. ಒಂದು ಕ್ಷೇತ್ರ, ಒಂದು ಪುಟ, ಅಷ್ಟು ಸಾಕು. ನಾಲ್ಕನೆಯ ಪ್ರಶ್ನೆಯನ್ನು ಮಾತ್ರ ಯಾವತ್ತೂ ಬಿಡಬೇಡಿ. ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರ ಇರುವುದು ಅಲ್ಲೇ.

ಮೊದಲ ಪುಟ: ಮರ

ನನಗೆ ಚೆನ್ನಾಗಿ ಗೊತ್ತಿರುವುದರಿಂದ ಮರದಿಂದಲೇ ತೋರಿಸುತ್ತೇನೆ. ಟೊಳ್ಳು ಬೈರಿಗೆಯಂಥ ಒಂದು ಉಪಕರಣವನ್ನು ಕಾಂಡದೊಳಗೆ ತಿರುಗಿಸಿದರೆ ಸುಮಾರು 5 ಮಿಲಿಮೀಟರ್ ದಪ್ಪದ ಕಡ್ಡಿ ಹೊರಬರುತ್ತದೆ. ಮರ ಸಾಯುವುದಿಲ್ಲ. ಕಡ್ಡಿಯನ್ನು ಹಲಗೆಗೆ ಅಂಟಿಸಬೇಕು. ಒರಟು ಮರಳು ಕಾಗದದಿಂದ ಶುರು ಮಾಡಿ ನಯವಾದದ್ದರವರೆಗೆ ಉಜ್ಜಬೇಕು. ಜೀವಕೋಶಗಳು ಒಂದೊಂದಾಗಿ ಕಾಣಿಸುವವರೆಗೂ ಉಜ್ಜಬೇಕು. ಆಮೇಲೆ ಒಂದೊಂದು ಉಂಗುರದ ಅಗಲ ಅಳೆಯಬೇಕು. ಅಂದರೆ ಮೊದಲ ಪ್ರಶ್ನೆಗೆ ಉತ್ತರ: ಅಳೆದದ್ದು ಉಂಗುರದ ಅಗಲ, ತಾಪಮಾನ ಅಲ್ಲ.

ತಾಪಮಾನಕ್ಕೆ ದಾಟುವುದು ಎರಡನೆಯ ಹೆಜ್ಜೆ. ಚಳಿಯೇ ಬೆಳವಣಿಗೆಯನ್ನು ತಡೆಯುವ ಜಾಗದಲ್ಲಿ, ಅಂದರೆ ಬೆಟ್ಟದ ಮೇಲೆ ಕಾಡು ಮುಗಿಯುವ ಅಂಚಿನಲ್ಲಿ, ಬೇಸಿಗೆ ಬೆಚ್ಚಗಿದ್ದರೆ ಉಂಗುರ ಅಗಲವಾಗುತ್ತದೆ. ನೀರಿಗೆ ಬರ ಇರುವ ಜಾಗದಲ್ಲಿ ಅದೇ ಉಂಗುರ ಮಳೆಯ ಲೆಕ್ಕ ಹೇಳುತ್ತದೆ. ಹಾಗಾಗಿ ಯಾವ ಮರ ಅನ್ನುವುದರ ಜೊತೆಗೆ ಅದು ಎಲ್ಲಿ ನಿಂತಿತ್ತು ಅಂತಲೂ ಬರೆದಿಡಿ.

ಇನ್ನು ತಪ್ಪಿನ ವಿಷಯ. ಒಂದು ಸಲ ನಾನು ಒಂದು ಕಡ್ಡಿಯನ್ನು ಮೂರು ಬಾರಿ ಎಣಿಸಿದೆ. ಮೂರೂ ಬಾರಿ ಒಂದೇ ಸಂಖ್ಯೆ ಬಂತು. ಖುಷಿಯಿಂದ ಹಾಳೆ ಕೊಟ್ಟೆ. ಹಿರಿಯ ಸಹೋದ್ಯೋಗಿ ಅದನ್ನು ಪಕ್ಕದ ಮರಗಳ ಗೆರೆಯ ಜೊತೆ ಇಟ್ಟು ನೋಡಿದರು. ಒಂದು ಜಾಗದಿಂದ ಒಳಗೆ, ಹಳೆಯ ವರ್ಷಗಳೆಲ್ಲ ಒಂದೊಂದು ವರ್ಷ ಜಾರಿದ್ದವು. ತೀರಾ ಕಷ್ಟದ ವರ್ಷದಲ್ಲಿ ಮರ ಕಾಂಡದ ಆ ಬದಿಯಲ್ಲಿ ಉಂಗುರವನ್ನೇ ಹಾಕಿರಲಿಲ್ಲ! ಇಲ್ಲದ ಉಂಗುರವನ್ನು ಎಷ್ಟು ಸಲ ಎಣಿಸಿದರೂ ಸಿಗುವುದಿಲ್ಲ ಅಲ್ವಾ? ಪಕ್ಕದ ಮರವನ್ನೇ ಕೇಳಬೇಕು. ಅಗಲ, ಕಿರಿದು, ಕಿರಿದು, ಅಗಲ ಅನ್ನುವ ಜಾಡನ್ನು ಹಲವು ಮರಗಳ ನಡುವೆ ಹೊಂದಿಸುವ ಈ ವಿಧಾನವನ್ನು ಗಟ್ಟಿಯಾಗಿ ಕಟ್ಟಿದವರು ಎ. ಇ. ಡಗ್ಲಸ್. ಅವರು ಖಗೋಳ ವಿಜ್ಞಾನಿ. ಸೂರ್ಯನ ಕಲೆಗಳ ಏರಿಳಿತ ಮರದಲ್ಲಿ ದಾಖಲಾಗಿದೆಯೇ ಅಂತ ಹುಡುಕಲು ಹೋದವರು. ಆಕಾಶ ನೋಡುತ್ತಿದ್ದವರು ಮರಕ್ಕೆ ಬಂದದ್ದು ನನಗೆ ಇವತ್ತಿಗೂ ಬಹಳ ಇಷ್ಟವಾದ ಸಂಗತಿ.

ಮರದ ಪುಟದಲ್ಲಿ ಇನ್ನೊಂದು ತೊಂದರೆಯನ್ನೂ ಬರೆಯಲೇಬೇಕು. ಉತ್ತರದ ಕೆಲವು ಕಾಡುಗಳಲ್ಲಿ 1960ರ ದಶಕದಿಂದ ಈಚೆಗೆ ಥರ್ಮಾಮೀಟರ್ ಏರಿದಷ್ಟು ಮರದ ಉಂಗುರ ಏರಿಲ್ಲ. ಇದನ್ನು ಮರದವರೇ ಕಂಡುಹಿಡಿದು ಪ್ರಕಟಿಸಿದರು. ಅದಕ್ಕೇ ಹಳೆಯ ತಾಪಮಾನದ ಲೆಕ್ಕದಲ್ಲಿ ಮರವೊಂದನ್ನೇ ನಂಬಿ ಕೂರುವುದಿಲ್ಲ. ಹವಳದ ಪದರ, ಗುಹೆಯ ಸುಣ್ಣದ ಕಂಬ, ಕೆರೆಯ ಕೆಸರು, ಹಿಮಗಡ್ಡೆ ಎಲ್ಲವನ್ನೂ ಜೊತೆಗಿಡುತ್ತಾರೆ. ಪಕ್ಕದ ಕೋಣೆಯ ಪರಾಗದವರು ಯಾಕೆ ಬೇಕು ಅಂತ ನನಗೆ ಅರ್ಥವಾದದ್ದು ಈ ಸಾಲು ಬರೆಯುವಾಗ.

ಥರ್ಮಾಮೀಟರ್ ಪುಟಕ್ಕೆ ಜಾಸ್ತಿ ಜಾಗ ಬಿಡಿ

ಥರ್ಮಾಮೀಟರ್ ಅಂದರೆ ನೇರ ಅಳತೆ, ಇದರಲ್ಲೇನು ಕಷ್ಟ ಅಂತ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಈಗ ನನ್ನ ನೋಟ್‌ಬುಕ್‌ನಲ್ಲಿ ಅತಿ ಹೆಚ್ಚು ತಿದ್ದುಪಡಿ ಇರುವುದು ಇದೇ ಪುಟದಲ್ಲಿ.

1938ರಲ್ಲಿ ಗೈ ಕ್ಯಾಲೆಂಡರ್ ಎಂಬ ಉಗಿ ಎಂಜಿನಿಯರ್ ಜಗತ್ತಿನ 147 ಕೇಂದ್ರಗಳ ತಾಪಮಾನದ ದಾಖಲೆಗಳನ್ನು ಕಲೆಹಾಕಿದರು. ಎಲ್ಲವನ್ನೂ ಕೈಯಲ್ಲೇ ಲೆಕ್ಕ ಹಾಕಿ, ಭೂಮಿ ಬಿಸಿಯಾಗುತ್ತಿದೆ, ಅದಕ್ಕೂ ಇಂಗಾಲದ ಡೈಆಕ್ಸೈಡ್‌ಗೂ ಸಂಬಂಧವಿದೆ ಅಂದರು. ಹವಾಮಾನ ಅವರ ವೃತ್ತಿ ಆಗಿರಲಿಲ್ಲ. ಆಗ ಬಹಳ ಜನ ಒಪ್ಪಲಿಲ್ಲ. ಅವರ ಗೆರೆಯನ್ನು ಈಗಿನ ಲೆಕ್ಕದ ಜೊತೆ ಇಟ್ಟು ನೋಡಿದರೆ ಎರಡೂ ಚೆನ್ನಾಗಿ ಹೊಂದುತ್ತವೆ.

ಕಷ್ಟ ಇರುವುದು ಉಪಕರಣ ಬದಲಾದಾಗ. ಸಮುದ್ರದ ಮೇಲ್ಮೈಯ ತಾಪಮಾನವನ್ನು ಹಿಂದೆ ಹಡಗಿನವರು ಬಕೆಟ್ ಇಳಿಸಿ, ನೀರು ಮೇಲೆತ್ತಿ, ಅದರಲ್ಲಿ ಥರ್ಮಾಮೀಟರ್ ಇಟ್ಟು ನೋಡುತ್ತಿದ್ದರು. ಕ್ಯಾನ್ವಾಸ್ ಬಕೆಟ್ ಮೇಲೆ ಬರುವಷ್ಟರಲ್ಲಿ ಗಾಳಿಗೆ ನೀರು ಆವಿಯಾಗಿ ಸ್ವಲ್ಪ ತಣ್ಣಗಾಗುತ್ತದೆ. ಬೇರೆ ಹಡಗುಗಳು ಎಂಜಿನ್ ತಂಪು ಮಾಡಲು ಒಳಗೆ ಎಳೆದುಕೊಳ್ಳುವ ನೀರನ್ನು ಅಳೆದವು. ಅದು ಎಂಜಿನ್ ಕೋಣೆಯ ಶಾಖಕ್ಕೆ ಸ್ವಲ್ಪ ಬೆಚ್ಚಗಿರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಿಕ್ಕ ಅಂಕಿಗಳಲ್ಲಿ ಬಹುಪಾಲು ಎಂಜಿನ್ ನೀರಿನವು, ಅಮೆರಿಕದ ಹಡಗುಗಳವು. 1945ರಲ್ಲಿ ಯುದ್ಧ ಮುಗಿಯುತ್ತಿದ್ದಂತೆ ಬಕೆಟ್ ಬಳಸುವ ಬ್ರಿಟಿಷ್ ಹಡಗುಗಳು ಮತ್ತೆ ಬಂದವು. ದಾಖಲೆಯಲ್ಲಿ ಸಮುದ್ರ ಏಕಾಏಕಿ ತಣ್ಣಗಾದಂತೆ ಕಂಡಿತು! ಸಮುದ್ರ ತಣ್ಣಗಾಗಿರಲಿಲ್ಲ, ಬಕೆಟ್ ವಾಪಸ್ ಬಂದಿತ್ತು. 2008ರಲ್ಲಿ ಸಂಶೋಧಕರು ಇದನ್ನು ಬಿಡಿಸಿ ತೋರಿಸಿದರು.

ಹಾಗಾಗಿ 'ಅಂಕಿಗಳನ್ನು ತಿದ್ದಿದ್ದಾರೆ' ಅಂತ ಯಾರಾದರೂ ಹೇಳಿದಾಗ ಗಾಬರಿಯಾಗಬೇಡಿ. ಯಾಕೆ ತಿದ್ದಿದರು, ಯಾವ ದಿಕ್ಕಿಗೆ ತಿದ್ದಿದರು ಅಂತ ಕೇಳಿ. ನನಗೆ ಅಚ್ಚರಿಯಾದ ಉತ್ತರ ಇದು: ಇಡೀ ಜಗತ್ತಿನ ಲೆಕ್ಕದಲ್ಲಿ ಈ ಎಲ್ಲ ತಿದ್ದುಪಡಿಗಳನ್ನು ಸೇರಿಸಿದ ಮೇಲೆ, ಕಳೆದ ನೂರಕ್ಕೂ ಹೆಚ್ಚು ವರ್ಷಗಳ ಏರಿಕೆ ಕಚ್ಚಾ ಅಂಕಿಗಳು ತೋರಿಸುವುದಕ್ಕಿಂತ ಸ್ವಲ್ಪ ಕಡಿಮೆಯಾಗುತ್ತದೆ. ಹಳೆಯ ಬಕೆಟ್‌ಗಳು ಹಿಂದಿನ ಸಮುದ್ರವನ್ನು ಇದ್ದದ್ದಕ್ಕಿಂತ ತಣ್ಣಗೆ ತೋರಿಸಿದ್ದವು, ಅದನ್ನು ಮೇಲೆತ್ತಬೇಕಾಯಿತು.

ಗಾಳಿ: ಅಪ್ಪ ಒಂದು ಅನಿಲ, ಮಗ ಇನ್ನೊಂದು

ಗಾಳಿಯ ಪುಟ ರಸಾಯನ ವಿಜ್ಞಾನಿಗಳದ್ದು. ಚಾರ್ಲ್ಸ್ ಕೀಲಿಂಗ್ 1958ರ ಮಾರ್ಚ್‌ನಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಅಳತೆ ಶುರು ಮಾಡಿದರು. ಮೊದಲ ಅಂಕಿ 313 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 313 ಇಂಗಾಲದ ಡೈಆಕ್ಸೈಡ್. ಈಗ ಅದು 420 ದಾಟಿದೆ. ಆ ಗೆರೆಯನ್ನು ಒಮ್ಮೆ ನೀವೇ ಕಾಗದದ ಮೇಲೆ ಬಿಡಿಸಿ ನೋಡಿ. ಗರಗಸದ ಹಲ್ಲಿನಂತೆ ಪ್ರತಿ ವರ್ಷ ಮೇ ತಿಂಗಳಲ್ಲಿ ಏರಿ, ಸೆಪ್ಟೆಂಬರ್ ಹೊತ್ತಿಗೆ ಇಳಿಯುತ್ತದೆ. ಉತ್ತರ ಗೋಳಾರ್ಧದ ಗಿಡಮರಗಳು ಬೇಸಿಗೆಯಲ್ಲಿ ಇಂಗಾಲ ಎಳೆದುಕೊಂಡು ಚಳಿಗಾಲದಲ್ಲಿ ಬಿಡುವುದರ ಗುರುತು ಅದು. ನಾನು ಮೊದಲ ಸಲ ಅದನ್ನು ಬಿಡಿಸಿದಾಗ ಭೂಮಿ ಉಸಿರಾಡುವುದನ್ನು ನೋಡಿದಂತಾಯಿತು. ಆ ಉಸಿರಿನ ಕೆಳಗೆ ಇಡೀ ಗೆರೆ ಮೇಲಕ್ಕೆ ಹೋಗುತ್ತಲೇ ಇದೆ.

ಈ ಹೆಚ್ಚುವರಿ ಇಂಗಾಲ ಎಲ್ಲಿಂದ ಬಂತು? ಇಲ್ಲಿ ಮೂರು ಬೇರೆ ಬೇರೆ ಸಾಕ್ಷಿಗಳನ್ನು ಬರೆದುಕೊಳ್ಳಿ. ಒಂದು, ಇಂಗಾಲ-14, ಅಂದರೆ ತಾನಾಗಿಯೇ ಕರಗುತ್ತಾ ಹೋಗುವ ವಿಕಿರಣಶೀಲ ಇಂಗಾಲ. ಅದು 5,730 ವರ್ಷಕ್ಕೆ ಅರ್ಧದಷ್ಟಾಗುತ್ತದೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲು, ತೈಲದಲ್ಲಿ ಅದು ಉಳಿದಿರುವುದಿಲ್ಲ. ಅವನ್ನು ಸುಟ್ಟರೆ ಗಾಳಿಯಲ್ಲಿ ಇಂಗಾಲ-14ರ ಪಾಲು ತೆಳುವಾಗುತ್ತದೆ. 1950ರ ದಶಕದಲ್ಲಿ ಹಾನ್ಸ್ ಸ್ಯೂಸ್ ಇದನ್ನು ಕಂಡದ್ದು ಎಲ್ಲಿ ಗೊತ್ತಾ? ಮರದ ಉಂಗುರಗಳಲ್ಲಿ. ನಾನು ಅಗಲ ಮಾತ್ರ ಅಳೆಯುತ್ತಿದ್ದ ಅದೇ ಉಂಗುರಗಳಲ್ಲಿ ಗಾಳಿಯ ಚರಿತ್ರೆಯೂ ಇತ್ತು. ಎರಡು, ಇಂಗಾಲ-13, ಅಂದರೆ ಸ್ವಲ್ಪ ಭಾರದ ಇಂಗಾಲ. ಗಿಡಗಳಿಂದ ಬಂದ ಇಂಗಾಲದಲ್ಲಿ, ಹಾಗಾಗಿ ಕಲ್ಲಿದ್ದಲು, ತೈಲದಲ್ಲೂ, ಅದು ಕಡಿಮೆ ಇರುತ್ತದೆ, ಗಾಳಿಯಲ್ಲೂ ಅದರ ಪಾಲು ಕಡಿಮೆಯಾಗುತ್ತಿದೆ. ಮೂರು, ಆಮ್ಲಜನಕ. ಕೀಲಿಂಗ್ ಅವರ ಮಗ ರಾಲ್ಫ್ ಕೀಲಿಂಗ್ ಗಾಳಿಯ ಆಮ್ಲಜನಕವನ್ನು ಅತಿ ನಿಖರವಾಗಿ ಅಳೆಯುವ ವಿಧಾನ ಕಟ್ಟಿದರು. ಅದು ನಿಧಾನವಾಗಿ ಇಳಿಯುತ್ತಿದೆ. ಉಸಿರಾಟಕ್ಕೆ ತೊಂದರೆಯಾಗುವಷ್ಟೇನೂ ಅಲ್ಲ, ಆದರೆ ಇಂಧನ ಸುಟ್ಟದ್ದರ ಗುರುತು. ಇಂಗಾಲ ಸುಮ್ನೆ ಸಮುದ್ರದಿಂದಲೋ ಜ್ವಾಲಾಮುಖಿಯಿಂದಲೋ ಹೊರಬಂದಿದ್ದರೆ ಆಮ್ಲಜನಕ ಹೀಗೆ ಖರ್ಚಾಗುತ್ತಿರಲಿಲ್ಲ.

ಹಿಮಗಡ್ಡೆ

1965ರಲ್ಲಿ ಅಂಟಾರ್ಕ್ಟಿಕಾದಲ್ಲಿ ಕ್ಲೋಡ್ ಲೋರಿಯಸ್ ಒಂದು ಲೋಟಕ್ಕೆ ಹಾಕಿದ ಹಳೆಯ ಹಿಮದ ತುಂಡು ಕರಗುವಾಗ ಗುಳ್ಳೆಗಳು ಸಿಡಿಯುವುದನ್ನು ಗಮನಿಸಿದರು. ಆ ಗುಳ್ಳೆಗಳಲ್ಲಿರುವುದು ಹಿಂದಿನ ಕಾಲದ ಗಾಳಿ ಅಂತ ಅವರಿಗೆ ಹೊಳೆಯಿತು. ಆಮೇಲೆ ಹಲವು ದೇಶಗಳವರು ಕೊರೆದರು. ವೊಸ್ಟೊಕ್‌ನಲ್ಲಿ 3,623 ಮೀಟರ್ ಆಳಕ್ಕೆ ಹೋದರು, ಸುಮಾರು 4,20,000 ವರ್ಷಗಳ ದಾಖಲೆ ಸಿಕ್ಕಿತು. ಯುರೋಪಿನ ಎಪಿಕಾ ತಂಡಕ್ಕೆ ಡೋಮ್ ಸಿ ಎಂಬಲ್ಲಿ 8,00,000 ವರ್ಷಗಳದ್ದು ಸಿಕ್ಕಿತು. ಅಷ್ಟೂ ಕಾಲ ಇಂಗಾಲದ ಡೈಆಕ್ಸೈಡ್ ಸುಮಾರು 180ರಿಂದ 300 ಪಿಪಿಎಂ ನಡುವೆ ಓಡಾಡಿದೆ. ಈಗಿನ 420ರ ಪಕ್ಕ ಇಟ್ಟು ನೋಡಿ.

ಇಲ್ಲಿ ಒಂದೇ ಗಡ್ಡೆಯಲ್ಲಿ ಎರಡು ಅಳತೆ ಇದೆ, ಬೆರೆಸಬೇಡಿ. ಗುಳ್ಳೆಯಿರುವ ಗಡ್ಡೆಯನ್ನು ನಿರ್ವಾತದಲ್ಲಿ ಪುಡಿಮಾಡಿದರೆ ಸಿಗುವುದು ಹಳೆಯ ಗಾಳಿ, ಅದು ನೇರ ಅಳತೆ. ಗಡ್ಡೆಯ ನೀರಿನಲ್ಲಿರುವ ಭಾರದ ಮತ್ತು ಹಗುರ ಆಮ್ಲಜನಕದ ಪ್ರಮಾಣ ಹೇಳುವುದು ಹಳೆಯ ತಾಪಮಾನ, ಅದು ಪರೋಕ್ಷ ಅಳತೆ. ತಪ್ಪು ನುಸುಳುವ ಜಾಗವೂ ಇಲ್ಲೇ. ಬಿದ್ದ ಹಿಮ ಒತ್ತಿ ಒತ್ತಿ ಗಟ್ಟಿಯಾಗಿ ಗುಳ್ಳೆ ಮುಚ್ಚಿಕೊಳ್ಳುವುದು ಹತ್ತಾರು ಮೀಟರ್ ಆಳದಲ್ಲಿ. ಅಲ್ಲಿಯವರೆಗೆ ಮೇಲಿನ ಗಾಳಿ ಒಳಗೆ ಓಡಾಡುತ್ತಲೇ ಇರುತ್ತದೆ. ಹಾಗಾಗಿ ಗುಳ್ಳೆಯ ಗಾಳಿ ಸುತ್ತಲಿನ ಹಿಮಕ್ಕಿಂತ ಚಿಕ್ಕ ವಯಸ್ಸಿನದು. ಹಿಮ ಕಡಿಮೆ ಬೀಳುವ ಜಾಗದಲ್ಲಿ ಈ ಅಂತರ ಸಾವಿರಾರು ವರ್ಷ. ಯಾವುದು ಮೊದಲು ಏರಿತು, ಅನಿಲವೋ ತಾಪಮಾನವೋ ಅನ್ನುವ ಚರ್ಚೆ ಓದುವಾಗ ಇದು ನೆನಪಿರಲಿ.

ಒರೆಗೆ ಹಚ್ಚಿದ್ದು? ಅಂಟಾರ್ಕ್ಟಿಕಾದ ಲಾ ಡೋಮ್‌ನಲ್ಲಿ ಹಿಮ ಜಾಸ್ತಿ ಬೀಳುತ್ತದೆ. ಅಲ್ಲಿಯ ಗುಳ್ಳೆಗಳಲ್ಲಿ 1970ರ ದಶಕದವರೆಗಿನ ಗಾಳಿ ಸಿಕ್ಕಿದೆ. ಅದು ಉಪಕರಣಗಳಿಂದ ನೇರವಾಗಿ ಅಳೆದ ಅಂಕಿಗಳ ಮೇಲೆ ಸರಿಯಾಗಿ ಕೂತಿದೆ. ಹಿಮದವರ ಗೆರೆ ಮುಗಿಯುವಲ್ಲಿ ಕೀಲಿಂಗ್ ಗೆರೆ ಕೈ ಹಿಡಿದುಕೊಳ್ಳುತ್ತದೆ.

ಸಮುದ್ರ ಮತ್ತು ಉಪಗ್ರಹ

ಭೂಮಿಯಲ್ಲಿ ಸಿಕ್ಕಿಬಿದ್ದ ಹೆಚ್ಚುವರಿ ಶಾಖದಲ್ಲಿ ನೂರಕ್ಕೆ 90ರಷ್ಟು ಹೋಗುವುದು ಸಮುದ್ರಕ್ಕೆ. ಆದ್ದರಿಂದ ಗಾಳಿಯ ತಾಪಮಾನದ ಸುದ್ದಿ ಓದಿದಾಗಲೆಲ್ಲ ಸಮುದ್ರದ ಪುಟವನ್ನೂ ತೆರೆಯಿರಿ. ಆರ್ಗೋ ಎಂಬ ತೇಲುಯಂತ್ರಗಳು ಸುಮಾರು 4,000 ಇವೆ. ಒಂದೊಂದೂ 1,000 ಮೀಟರ್ ಆಳದಲ್ಲಿ ತೇಲುತ್ತಿರುತ್ತದೆ. 10 ದಿನಕ್ಕೊಮ್ಮೆ 2,000 ಮೀಟರ್‌ಗೆ ಇಳಿದು, ಮೇಲೆ ಬರುವ ದಾರಿಯುದ್ದಕ್ಕೂ ತಾಪಮಾನ, ಉಪ್ಪಿನಂಶ ಅಳೆಯುತ್ತದೆ. ಮೇಲೆ ಬಂದು ಉಪಗ್ರಹಕ್ಕೆ ಅಂಕಿ ಕಳಿಸಿ ಮತ್ತೆ ಮುಳುಗುತ್ತದೆ.

ನನಗೆ ಅತ್ಯಂತ ಅಚ್ಚುಕಟ್ಟಾಗಿ ಕಾಣುವ ಒರೆಹಚ್ಚುವಿಕೆ ಈ ಪುಟದಲ್ಲಿದೆ, ನೀವೇ ಕೂಡಿಸಿ ನೋಡಬಹುದು. ಸಮುದ್ರ ಮಟ್ಟ ಏರುವುದಕ್ಕೆ ಮುಖ್ಯ ಕಾರಣ ಎರಡು: ನೀರು ಬಿಸಿಯಾಗಿ ಹಿಗ್ಗುವುದು, ನೆಲದ ಮೇಲಿನ ಹಿಮ ಕರಗಿ ಸೇರುವುದು. ಹಿಗ್ಗಿದ್ದೆಷ್ಟು ಅಂತ ಆರ್ಗೋ ಹೇಳುತ್ತದೆ. ಸೇರಿದ್ದೆಷ್ಟು ಅಂತ ಗ್ರೇಸ್ ಉಪಗ್ರಹಗಳು ಹೇಳುತ್ತವೆ. 2002ರಲ್ಲಿ ಹಾರಿಸಿದ ಈ ಜೋಡಿ ಒಂದರ ಹಿಂದೊಂದು ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಹಾರುತ್ತಿತ್ತು. ಕೆಳಗಿನ ರಾಶಿಯ ಸೆಳೆತಕ್ಕೆ ಆ ಅಂತರ ಕೂದಲೆಳೆಗಿಂತ ಕಡಿಮೆ ಬದಲಾದರೂ ಗೊತ್ತಾಗುತ್ತಿತ್ತು. 2018ರಿಂದ ಅದರ ಮುಂದಿನ ಜೋಡಿ ಕೆಲಸ ಮಾಡುತ್ತಿದೆ. ಅಂದರೆ ಗ್ರೀನ್‌ಲ್ಯಾಂಡಿನ ಹಿಮವನ್ನು ಆಕಾಶದಿಂದ ತೂಗುತ್ತಿದ್ದಾರೆ. ಒಟ್ಟು ಏರಿಕೆಯನ್ನು ಮೂರನೆಯ ಗುಂಪು, ರೇಡಾರ್ ಉಪಗ್ರಹದವರು, 1990ರ ದಶಕದ ಆರಂಭದಿಂದ ಅಳೆಯುತ್ತಿದ್ದಾರೆ. ಅವರ ಪ್ರಕಾರ 1993ರಿಂದ ಈಚೆಗೆ ಸುಮಾರು 10 ಸೆಂಟಿಮೀಟರ್. ಹಿಗ್ಗಿದ್ದು, ಸೇರಿದ್ದು ಎರಡನ್ನೂ ಕೂಡಿಸಿದರೆ ಒಟ್ಟಿಗೆ ಹತ್ತಿರ ಬರುತ್ತದೆ. ಥರ್ಮಾಮೀಟರ್, ತೂಕ, ರೇಡಾರ್: ಮೂರಕ್ಕೂ ಒಂದೇ ತಪ್ಪು ಒಂದೇ ದಿಕ್ಕಿಗೆ ನುಸುಳುವುದು ಬಹಳ ಕಷ್ಟ.

ಹೂವಿನ ದಿನಾಂಕ

ಜೀವ ವಿಜ್ಞಾನಿಗಳ ಪುಟಕ್ಕೆ ಉಪಕರಣವೇ ಬೇಡ ಅನ್ನಬಹುದು. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂ ಅರಳಿದ ದಿನಾಂಕಗಳು 812ನೇ ಇಸವಿಯಿಂದ ದಿನಚರಿಗಳಲ್ಲಿ ಸಿಗುತ್ತವೆ. ಅರಮನೆಯವರು, ಸನ್ಯಾಸಿಗಳು ಬರೆದಿಟ್ಟದ್ದು. ಯಸುಯುಕಿ ಅವೊನೊ ಅವನ್ನು ಹುಡುಕಿ ಹುಡುಕಿ ಜೋಡಿಸಿದರು. 2021ರಲ್ಲಿ ಮಾರ್ಚ್ 26ಕ್ಕೇ ಹೂ ತುಂಬಿ ಅರಳಿತು. ಸಾವಿರದ ಇನ್ನೂರು ವರ್ಷಗಳ ಪಟ್ಟಿಯಲ್ಲಿ ಅಷ್ಟು ಬೇಗ ಅರಳಿದ ದಾಖಲೆ ಅದಕ್ಕೂ ಮೊದಲು ಇರಲಿಲ್ಲ. ಮೂರನೆಯ ಪ್ರಶ್ನೆ ಇಲ್ಲೂ ಕೇಳಿ: ಕ್ಯೋಟೋ ದೊಡ್ಡ ಊರಾಗಿ ಬೆಳೆದಿದೆ, ಕಟ್ಟಡಗಳ ಬಿಸಿಯೂ ಹೂವನ್ನು ಬೇಗ ಅರಳಿಸುತ್ತದೆ. ಸಂಶೋಧಕರು ಅದನ್ನು ಬೇರೆ ಮಾಡಿ ಲೆಕ್ಕ ಹಾಕಿದ ಮೇಲೂ ಹವಾಮಾನದ ಪಾಲು ಉಳಿಯುತ್ತದೆ. ಆ ಸನ್ಯಾಸಿಗಳು ಯಾವ ಸಿದ್ಧಾಂತವನ್ನೂ ಸಾಬೀತು ಮಾಡಲು ಬರೆದವರಲ್ಲ. ಅದಕ್ಕೇ ಅವರ ಮಾತಿಗೆ ನಾನು ಅಷ್ಟು ಬೆಲೆ ಕೊಡುತ್ತೇನೆ.

ಮಾಡೆಲ್ ಪುಟವನ್ನು ಕೊನೆಗೆ ಇಟ್ಟುಕೊಳ್ಳಿ

ಬಹಳ ಜನ ಮಾಡೆಲ್‌ನಿಂದ, ಅಂದರೆ ಭೌತ ನಿಯಮಗಳನ್ನು ಇಟ್ಟುಕೊಂಡು ಹವಾಮಾನವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂನಿಂದ ಶುರು ಮಾಡಿ, ಅದು ಕಂಪ್ಯೂಟರ್ ಆಟ ಅಂದುಕೊಂಡು ನಿಲ್ಲಿಸಿಬಿಡುತ್ತಾರೆ. ಅಳತೆಗಳನ್ನು ನೋಡಿದ ಮೇಲೆ ಬಂದರೆ ಅದು ಹಾಗೆ ಕಾಣುವುದಿಲ್ಲ. ಮಾಡೆಲ್ ಏನನ್ನೂ ಅಳೆಯುವುದಿಲ್ಲ. ಹಾಗಾಗಿ ಮೊದಲ ಪ್ರಶ್ನೆಯ ಜಾಗದಲ್ಲಿ ಬೇರೆಯದನ್ನು ಕೇಳಿ: ಮುಂಚೆಯೇ ಏನು ಹೇಳಿತ್ತು, ಆಮೇಲೆ ಏನಾಯಿತು?

ಎರಡು ಉದಾಹರಣೆ ನನ್ನ ಪುಟದಲ್ಲಿವೆ. 1967ರಲ್ಲಿ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಕೆಳಗಿನ ವಾತಾವರಣ ಬಿಸಿಯಾಗುತ್ತದೆ, ಮೇಲಿನ ಸ್ಟ್ರಾಟೋಸ್ಫಿಯರ್ ತಣ್ಣಗಾಗುತ್ತದೆ ಅಂದರು. ಸೂರ್ಯನೇ ಕಾರಣವಾಗಿದ್ದರೆ ಎರಡೂ ಬಿಸಿಯಾಗಬೇಕಿತ್ತು. ಮುಂದೆ ಉಪಗ್ರಹಗಳು, ಬಲೂನುಗಳು ಅಳೆದಾಗ ಕಂಡದ್ದು ಕೆಳಗೆ ಬಿಸಿ, ಮೇಲೆ ತಂಪು. ಮನಾಬೆ ಅವರಿಗೆ 2021ರಲ್ಲಿ ನೊಬೆಲ್ ಬಂತು. ಇನ್ನೊಂದು, 1991ರ ಜೂನ್‌ನಲ್ಲಿ ಸಿಡಿದ ಪಿನಾಟುಬೊ ಜ್ವಾಲಾಮುಖಿ. ಜೇಮ್ಸ್ ಹ್ಯಾನ್ಸನ್ ತಂಡ ಮುಂದಿನ ವರ್ಷ ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾಗಿ ಮತ್ತೆ ಚೇತರಿಸಿಕೊಳ್ಳುತ್ತದೆ ಅಂತ ಮೊದಲೇ ಪ್ರಕಟಿಸಿತು. ಹೆಚ್ಚುಕಡಿಮೆ ಹಾಗೇ ಆಯಿತು.

ಒಂದು ಬಿಸಿಗಾಳಿಗೆ ಹವಾಮಾನ ಬದಲಾವಣೆ ಎಷ್ಟು ಕಾರಣ ಅಂತ ಲೆಕ್ಕ ಹಾಕುವವರೂ ಮಾಡೆಲ್ ಬಳಸುತ್ತಾರೆ. ಈಗಿನ ಲೋಕ ಮತ್ತು ನಾವು ಬಿಸಿ ಮಾಡದಿದ್ದ ಲೋಕ, ಎರಡರಲ್ಲೂ ಅದೇ ಘಟನೆ ಎಷ್ಟು ಸಲ ಬರುತ್ತಿತ್ತು ಅಂತ ಹೋಲಿಸುತ್ತಾರೆ. 2021ರ ಜೂನ್‌ನಲ್ಲಿ ಕೆನಡಾದ ಲಿಟನ್‌ನಲ್ಲಿ 49.6 ಡಿಗ್ರಿ ಆದಾಗ, ಹವಾಮಾನ ಬದಲಾವಣೆ ಇಲ್ಲದಿದ್ದರೆ ಅಂಥ ಬಿಸಿ ಬಹುತೇಕ ಅಸಾಧ್ಯ ಅನ್ನುವ ಉತ್ತರ ಬಂತು. ಆರೋಗ್ಯದವರು ಅಂಥ ದಿನಗಳಲ್ಲಿ ಮಾಮೂಲಿಗಿಂತ ಎಷ್ಟು ಜನ ಜಾಸ್ತಿ ಸತ್ತರು ಅಂತ ನೋಡುತ್ತಾರೆ. ಯುರೋಪಿನ 2003ರ ಬೇಸಿಗೆಗೆ ಆ ಲೆಕ್ಕ 70,000ದಷ್ಟಿದೆ. ಅರ್ಥಶಾಸ್ತ್ರದವರ ಪುಟ ನನ್ನಲ್ಲಿ ಚಿಕ್ಕದು. ಅವರ ಉತ್ತರ, ನಾಳಿನ ನಷ್ಟಕ್ಕೆ ಇವತ್ತು ಎಷ್ಟು ಬೆಲೆ ಕೊಡುತ್ತೀರಿ ಅನ್ನುವುದರ ಮೇಲೆ ನಿಂತಿರುತ್ತದೆ, ಅದನ್ನು ಯಾವ ಉಪಕರಣವೂ ಅಳೆಯಲಾರದು.

ಪುಟಗಳು ಜಗಳವಾಡಿದಾಗ

ಎರಡು ಪುಟ ಹೊಂದದಿದ್ದರೆ ಒಂದನ್ನು ಹರಿದು ಹಾಕಬೇಡಿ. ದಿನಾಂಕ ಬರೆದು ಕಾಯಿರಿ. 1990ರ ದಶಕದಲ್ಲಿ ಉಪಗ್ರಹಗಳು ಅಳೆದ ವಾತಾವರಣದ ತಾಪಮಾನವು ನೆಲದ ಥರ್ಮಾಮೀಟರ್‌ಗಳು ತೋರಿಸಿದ ಏರಿಕೆಯನ್ನು ತೋರಿಸುತ್ತಿರಲಿಲ್ಲ. 1998ರಲ್ಲಿ, ಉಪಗ್ರಹಗಳು ನಿಧಾನವಾಗಿ ಕೆಳಗಿಳಿಯುತ್ತಿದ್ದುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ಅಂತ ಗೊತ್ತಾಯಿತು. 2005ರಲ್ಲಿ, ದಿನದ ಯಾವ ಹೊತ್ತಿಗೆ ಅಳೆದರು ಅನ್ನುವ ತಿದ್ದುಪಡಿಯ ಚಿಹ್ನೆಯೇ ತಿರುಗುಮುರುಗಾಗಿದ್ದು ಸಿಕ್ಕಿತು. ತಿದ್ದಿದ ಮೇಲೆ ಉಪಗ್ರಹವೂ ಏರಿಕೆಯನ್ನೇ ತೋರಿಸಿತು. ಜಗಳ ಇದ್ದದ್ದರಿಂದಲೇ ತಪ್ಪು ಸಿಕ್ಕಿತು, ನನ್ನ ಇಲ್ಲದ ಉಂಗುರ ಪಕ್ಕದ ಮರದಿಂದ ಸಿಕ್ಕಂತೆ.

ನನ್ನ ನೋಟ್‌ಬುಕ್‌ನಲ್ಲಿ ಇನ್ನೂ ಮುಚ್ಚದ ಪುಟ ಮೋಡದ್ದು. ಇಂಗಾಲದ ಡೈಆಕ್ಸೈಡ್ ಎರಡರಷ್ಟಾದರೆ ಭೂಮಿ ಕೊನೆಗೆ ಎಷ್ಟು ಬಿಸಿಯಾಗುತ್ತದೆ ಅನ್ನುವುದಕ್ಕೆ ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2021ರ ವರದಿ 2.5ರಿಂದ 4 ಡಿಗ್ರಿ ಅಂತ ಅಂದಾಜು ಕೊಡುತ್ತದೆ. ಆ ಅಂತರ ಅಷ್ಟು ದೊಡ್ಡದಿರಲು ಮೋಡಗಳು ದೊಡ್ಡ ಕಾರಣ. ತಗ್ಗಿನ ಮೋಡ ಬಿಸಿಲನ್ನು ವಾಪಸ್ ಕಳಿಸುತ್ತದೆ, ಎತ್ತರದ ತೆಳು ಮೋಡ ಶಾಖವನ್ನು ಹಿಡಿದಿಡುತ್ತದೆ. ಬಿಸಿಯಾದ ಲೋಕದಲ್ಲಿ ಯಾವುದು ಎಷ್ಟು ಬದಲಾಗುತ್ತದೆ ಅನ್ನುವುದನ್ನು ವಿಮಾನ, ರೇಡಾರ್, ಉಪಗ್ರಹ, ಮಾಡೆಲ್ ಎಲ್ಲದರಿಂದ ಹುಡುಕುತ್ತಿದ್ದಾರೆ. ಆ ಪುಟದ ಕೆಳಗೆ ನಾನು ಹತ್ತು ಸಾಲು ಖಾಲಿ ಬಿಟ್ಟಿದ್ದೇನೆ.